ತಂಗಿಯ ಫೋಟೋಗೆ ಹಾರ

ತೆರೆಯ ಮೇಲೆ ಸಾಯುವವರ ಬಗ್ಗೆ ನನಗೆ ಬಹಳ ತಕರಾರಿದೆ. ಗುಂಡು ಎದೆಗೇ ಬಿದ್ದಿರುತ್ತದೆ, ಆದರೂ ಮನುಷ್ಯ ಗೆಳೆಯನ ತೊಡೆಯ ಮೇಲೆ ತಲೆಯಿಟ್ಟು ಪುಟಗಟ್ಟಲೆ ಡೈಲಾಗು ಹೇಳಿ, ತಂಗಿಯ ಮದುವೆಯ ಜವಾಬ್ದಾರಿ ಒಪ್ಪಿಸಿ, ಆಮೇಲೆ ನಿಧಾನಕ್ಕೆ ಕತ್ತು ವಾಲಿಸುತ್ತಾನೆ. ಮಣ್ಣು ಮಾಡುವಾಗ ತಪ್ಪದೆ ಮಳೆ ಬರುತ್ತದೆ, ನೆಂಟರೆಲ್ಲ ಒಂದೇ ಅಂಗಡಿಯಿಂದ ತಂದಂಥ ಕಪ್ಪು ಕೊಡೆ ಹಿಡಿದಿರುತ್ತಾರೆ. ನಮ್ಮ ಕಡೆ ಸಾವಿನ ಮನೆಗೆ ಕೊಡೆ ಹೊಂದಿಸಿಕೊಂಡು ಹೋದವರನ್ನು ನಾನಂತೂ ಕಂಡಿಲ್ಲ. ನಮ್ಮಪ್ಪ ಹೋದದ್ದು ಹೀಗಲ್ಲ. "ಫ್ಯಾನ್ ಸ್ವಲ್ಪ ಕಮ್ಮಿ ಮಾಡಮ್ಮ" ಅಂದರು. ನಾನು ರೆಗ್ಯುಲೇಟರ್ ತಿರುಗಿಸಿ ಬರುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಅಂದಿನಿಂದ ಪರದೆಯ ಮೇಲಿನ ಸಾವು ಕಂಡರೆ ನನಗೆ ಅಳುವ ಬದಲು ಸಿಟ್ಟು ಬರುತ್ತದೆ.

ವಿಜಯನಗರದ ನಮ್ಮ ಮನೆಯಲ್ಲಿ ಇರುವುದು ಅಮ್ಮ ಮತ್ತು ನಾನು ಇಬ್ಬರೇ. ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ, ಉಳಿದ ಹೊತ್ತಿನಲ್ಲಿ ಪಿಕ್ಚರ್ ನೋಡುತ್ತೇನೆ. ನೋಡಿ ಸುಮ್ಮನಿರುವುದು ನನ್ನಿಂದಾಗದು, ಸ್ಟಾಫ್ ರೂಮಿನಲ್ಲಿ ಬೈದು ಮುಗಿಸಿದ ಮೇಲೆಯೇ ನನಗೆ ಒಂದು ಚಿತ್ರ ಪೂರ್ತಿಯಾದಂತೆ. ಹೀರೋನ ಮುಖ ತೋರಿಸುವ ಮುಂಚೆ ಅವನ ಬೂಟನ್ನು ಅಷ್ಟು ಹೊತ್ತು ಯಾಕೆ ತೋರಿಸುತ್ತಾರೋ ನನಗೆ ಇಂದಿಗೂ ಅರ್ಥವಾಗಿಲ್ಲ. ಮೊಬೈಲಿನಲ್ಲಿ ನೋಡುವ ವೆಬ್ ಸೀರೀಸುಗಳದು ಇನ್ನೊಂದು ರೋಗ, ಸಿನಿಮಾಕ್ಕಾಗುವಷ್ಟು ಕಥೆಗೆ ನೀರು ಬೆರೆಸಿ ವಾರಗಟ್ಟಲೆ ಹಂಚುತ್ತಾರೆ. ಹಾಡಿನ ಸ್ಪರ್ಧೆಗಳಲ್ಲಿ ಮಗು ಪಲ್ಲವಿ ಮುಗಿಸುವ ಮೊದಲೇ ಜಡ್ಜುಗಳು ಕಣ್ಣೊರೆಸಿಕೊಳ್ಳಲು ಶುರುಮಾಡುತ್ತಾರೆ. ಆದರೆ ಒಬ್ಬ ಹೆಂಗಸು ಪಾತ್ರೆ ತೊಳೆಯುತ್ತಾ ನಿಂತು, ಹಿಂದಿನಿಂದ ಬಂದ ಗಂಡನ ಮಾತಿಗೆ ತಿರುಗಿ ನೋಡದೆ ನಲ್ಲಿ ನಿಲ್ಲಿಸಿದ್ದನ್ನು ಒಂದು ಚಿಕ್ಕ ಚಿತ್ರದಲ್ಲಿ ನೋಡಿದೆ. ಅಂಥದ್ದು ಒಂದು ಸಿಕ್ಕರೆ ನನಗೆ ವರ್ಷ ಕಳೆಯುತ್ತದೆ.

ಸೀರಿಯಲ್ ಅಂದರೆ ನನಗಾಗದು. ಆದರೂ ಸಂಜೆ ಏಳಕ್ಕೆ ಅಮ್ಮನ ಪಕ್ಕ ಪೇಪರ್ ಹಿಡಿದು ಕೂರುತ್ತಿದ್ದೆ, ಏಕೆಂದರೆ ಅದರಲ್ಲಿ ನನ್ನ ತಂಗಿ ಇದ್ದಳು. ಮಲ್ಲತ್ತಹಳ್ಳಿಯಲ್ಲಿ ಅವಳ ಮನೆ. ನಾಗರಬಾವಿಯ ನರ್ಸರಿ ಶಾಲೆಯೊಂದರಲ್ಲಿ ಟೀಚರ್ ಆಗಿದ್ದವಳು, ಕಾಲೇಜಿನ ದಿನಗಳ ನಾಟಕದ ಹುಚ್ಚು ಬಿಡದೆ ನಡುವಯಸ್ಸಿನಲ್ಲಿ ನಟಿಯಾದಳು. ನಾಯಕಿಯ ಸೋದರತ್ತೆಯ ಪಾತ್ರ, ಕೆಂಗೇರಿ ಆಚೆಯ ಬಂಗಲೆಯಲ್ಲಿ ಶೂಟಿಂಗು. ಅಡುಗೆಮನೆಯಲ್ಲೂ ರೇಷ್ಮೆಸೀರೆ ಉಟ್ಟಿರುವ ಆ ಮನೆಮಂದಿಯ ನಡುವೆ ಅವಳೊಬ್ಬಳೇ ಕಾಟನ್ ಸೀರೆ ಕೇಳಿ ಉಟ್ಟಿದ್ದಳು. ಆ ವಿಷಯದಲ್ಲಿ ನನಗೆ ಅವಳ ಬಗ್ಗೆ ಹೆಮ್ಮೆಯಿತ್ತು.

ಒಂದು ಭಾನುವಾರ ಬಂದವಳು, ಹಾಲ್‌ನಲ್ಲಿದ್ದ ತನ್ನ ಫೋಟೋ ಕಡೆ ಕೈ ತೋರಿಸಿ, "ಅಮ್ಮ, ಇದು ಶೂಟಿಂಗ್‌ಗೆ ಬೇಕಂತೆ. ವಾಪಸ್ ತಂದ್ಕೊಡ್ತೀನಿ" ಅಂದಳು. ಅಪ್ಪ ತೆಗೆದ ಫೋಟೋ ಅದು. ಮಲ್ಲತ್ತಹಳ್ಳಿ ಕೆರೆಯ ಏರಿಯ ಮೇಲೆ ನಿಲ್ಲಿಸಿ, ಲೆನ್ಸಿನ ಮುಚ್ಚಳವನ್ನೇ ತೆಗೆಯದೆ "ನಗಮ್ಮ, ನಗು" ಎಂದು ಗದರುತ್ತಿದ್ದರು. ಮುಚ್ಚಳ ಜ್ಞಾಪಿಸಿಕೊಟ್ಟ ಮೇಲೂ ಇವಳಿಗೆ ನಗು ತಡೆಯಲಾಗಲಿಲ್ಲ. ಆ ನಗುವೇ ಫೋಟೋದಲ್ಲಿರುವುದು.

ಅಮ್ಮನಿಗೆ ಹಿಗ್ಗೋ ಹಿಗ್ಗು. ತಾನೇ ಮೊಳೆಯಿಂದ ಇಳಿಸಿ, ಸೆರಗಿನಲ್ಲಿ ಗಾಜು ಒರೆಸಿ, "ಆ ದೊಡ್ಡ ಮನೆ ಗೋಡೆಗೆ ಹಾಕ್ತಾರೇನೇ?" ಎಂದಳು. "ಹೂಂ" ಎಂದು ತಂಗಿ ನನ್ನ ಕಡೆ ನೋಡದೆ ಚೀಲಕ್ಕೆ ತುರುಕಿಕೊಂಡಳು. ಇಷ್ಟು ವರ್ಷ ಬೈದುಕೊಂಡು ನೋಡಿದ್ದಕ್ಕೆ ಸೀರಿಯಲ್ಲಿನ ಒಂದು ನಿಯಮ ನನಗೆ ಚೆನ್ನಾಗಿ ಗೊತ್ತಿತ್ತು. ಅಲ್ಲಿ ಬದುಕಿರುವವರ ಫೋಟೋವನ್ನು ಯಾರೂ ಅಷ್ಟು ಅವಸರದಲ್ಲಿ ಕೇಳುವುದಿಲ್ಲ.

ಗೇಟಿನ ಹತ್ತಿರ ಅವಳ ಕೈ ಹಿಡಿದೆ. "ನಿನ್ನ ಸಾಯಿಸ್ತಿದಾರೇನೇ?"

"ಹೂಂ ಅಕ್ಕ. ಲಾರಿ ಆಕ್ಸಿಡೆಂಟು."

"ಯಾಕೆ? ಜಗಳ ಏನಾದ್ರೂ ಆಯ್ತಾ?"

"ರಜ ಕೇಳ್ದೆ. ಎಷ್ಟು ದಿನ ಅಂದ್ರು, ಗೊತ್ತಿಲ್ಲ ಅಂದೆ. ಹಂಗಾದ್ರೆ ಕಥೆ ನಿಲ್ಸೋಕಾಗಲ್ಲ ಮೇಡಂ ಅಂದ್ರು." ಆಮೇಲೆ ರಸ್ತೆಯ ಕಡೆ ನೋಡುತ್ತಾ, "ಎದೇಲಿ ಒಂದು ಗಂಟು ಸಿಕ್ಕಿದೆ ಅಕ್ಕ. ಬಯಾಪ್ಸಿಗೆ ಕೊಟ್ಟಿದೀವಿ. ಅಮ್ಮಂಗೆ ಮಾತ್ರ ಹೇಳ್ಬೇಡ" ಅಂದಳು.

ಆ ವಾರವಿಡೀ ನಾನು ತರಗತಿಯಲ್ಲಿ ಏನು ಪಾಠ ಮಾಡಿದೆನೋ ದೇವರಿಗೇ ಗೊತ್ತು. ನನಗೆ ದೇವರು ದಿಂಡರು, ಶಕುನ ಗಿಕುನ ಅಷ್ಟಾಗಿ ಇಲ್ಲ. ಆದರೂ ಬದುಕಿರುವವರ ಫೋಟೋಗೆ ಹಾರ ಹಾಕಬಾರದು ಎಂಬುದು ಮಾತ್ರ ಎಲ್ಲೋ ಎಲುಬಿನೊಳಗೆ ಕೂತಿದೆ. ಕಾಲೇಜಿನ ವಾರ್ಷಿಕೋತ್ಸವದಲ್ಲಿ ಪ್ರಿನ್ಸಿಪಾಲರ ಕಟೌಟಿಗೆ ಮಕ್ಕಳು ಹೂವಿನ ಸರ ಇಳಿಬಿಟ್ಟಾಗ ನಾನೇ ಓಡಿಹೋಗಿ ಕಿತ್ತಿದ್ದೆ. ಇನ್ನು ಅಮ್ಮ? ತಾನೇ ಒರೆಸಿ ಕೊಟ್ಟ ಫೋಟೋ ಕುಂಕುಮ ಹಚ್ಚಿಸಿಕೊಂಡು ಟಿವಿಯಲ್ಲಿ ಬಂದರೆ ಅವಳ ಬಿ.ಪಿ. ಏನಾಗಬೇಕು?

ಆ ಎಪಿಸೋಡು ಬರುವ ದಿನ ತಿಳಿಯಿತು. ಬಯಾಪ್ಸಿ ರಿಪೋರ್ಟ್ ಸಿಗುವುದು ಅದರ ಮಾರನೆಯ ಬೆಳಿಗ್ಗೆ. ಗಂಡ ಕೆಲಸದ ಮೇಲೆ ಹುಬ್ಬಳ್ಳಿಗೆ ಹೋಗಿದ್ದರಿಂದ ತಂಗಿ ಆ ದಿನ ನಮ್ಮಲ್ಲೇ ಉಳಿಯುವುದೆಂದಾಯಿತು. ನಾನು ರಾಜಾಜಿನಗರದ ಮಾಲಿನಲ್ಲಿ ಸಂಜೆಯ ಆಟಕ್ಕೆ ಮೂವರಿಗೂ ಟಿಕೆಟ್ ಮಾಡಿದೆ. ಒಬ್ಬರ ಕೆನ್ನೆಗೆ ಇನ್ನೊಬ್ಬರು ಬಾರಿಸುವುದನ್ನೇ ಹಾಸ್ಯ ಎಂದುಕೊಂಡ ಚಿತ್ರ, ಬೇರೆ ದಿನವಾಗಿದ್ದರೆ ಪುಕ್ಕಟೆ ಕರೆದರೂ ಹೋಗುತ್ತಿರಲಿಲ್ಲ. ಸಾಲದ್ದಕ್ಕೆ, ಹಗಲಿನಲ್ಲಿ ಪ್ರೋಮೋ ಬಂದೀತೆಂದು ರಿಮೋಟಿನ ಸೆಲ್ಲು ತೆಗೆದು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟೆ.

ಅಷ್ಟೆಲ್ಲ ಮಾಡಿ ಅಮ್ಮನ ಮೊಬೈಲನ್ನು ಮರೆತಿದ್ದೆ. ಮಧ್ಯಾಹ್ನ ಮಹಡಿ ಮನೆಯವರು ಪ್ರೋಮೋವನ್ನೇ ವಾಟ್ಸಾಪಿಗೆ ಕಳಿಸಿ, "ಅಯ್ಯೋ ಆಂಟಿ, ನಿಮ್ಮ ಮಗಳನ್ನ ಸಾಯಿಸೇಬಿಟ್ರಲ್ಲ" ಎಂದು ಅಳುವ ಮುಖಗಳ ಸಾಲು ಹಾಕಿದ್ದರು. ನಾನು ಕೋಣೆಗೆ ಹೋದಾಗ ಅಮ್ಮ ಫೋನನ್ನು ಕಣ್ಣಿನ ಹತ್ತಿರ ಹಿಡಿದುಕೊಂಡಿದ್ದಳು. ಅದೇ ಫೋಟೋ, ಮುಂದೆ ದೀಪ, ಕೊರಳಿಗೆ ಮಲ್ಲಿಗೆ ಹಾರ.

ಕೂಗಾಡುತ್ತಾಳೆಂದು ಕಾದೆ. ಅಮ್ಮ ಎದ್ದು ದೇವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ತಂಗಿ ಚೀಲ ಹಿಡಿದು ಒಳಗೆ ಬಂದಾಗಲೂ ಬಾಗಿಲು ತೆರೆದಿರಲಿಲ್ಲ. ನಾವಿಬ್ಬರೂ ಡೈನಿಂಗ್ ಟೇಬಲ್ಲಿನ ಎದುರುಬದುರು ಕೂತು, ಒಳಗಿನಿಂದ ಸದ್ದೇ ಬರದಿದ್ದಾಗ ಬಾಗಿಲು ತಟ್ಟುವುದೋ ಬೇಡವೋ ಎಂದು ಕಣ್ಣಲ್ಲೇ ಕೇಳಿಕೊಂಡೆವು.

ಕೊನೆಗೆ ಅಮ್ಮ ಹೊರಗೆ ಬಂದವಳೇ, "ಪಿಕ್ಚರ್‌ಗೆ ಯಾರೂ ಹೋಗೋದು ಬೇಡ. ಏಳು ಗಂಟೆಗೆ ಇಲ್ಲಿ ಕೂತು ಅಳ್ಬೇಕು" ಅಂದಳು.

"ಅಳೋದಾ?"

"ಕಾಗೆ ಹೊಡೆದಾಗ ಏನ್ ಮಾಡ್ತಿದ್ರು? ಮರ್ತೋಯ್ತಾ?"

ಮರೆತಿರಲಿಲ್ಲ. ಯಾರ ತಲೆಗಾದರೂ ಕಾಗೆ ಕುಕ್ಕಿದರೆ ಅದು ಸಾವಿನ ಸೂಚನೆ. ಆಗ ಮನೆಯವರು, ಇಂಥವರು ತೀರಿಕೊಂಡರೆಂದು ದೂರದ ನೆಂಟರಿಗೆ ಸುಳ್ಳು ಸುದ್ದಿ ಕಳಿಸುತ್ತಿದ್ದರು. ನೆಂಟರು ಅತ್ತರೆ ಸಾವಿನ ಲೆಕ್ಕ ಅಲ್ಲಿಗೆ ಚುಕ್ತಾ, ಆಮೇಲೆ ಬದುಕಿದ್ದಾರೆಂದು ಇನ್ನೊಂದು ಸುದ್ದಿ. ನಮ್ಮ ತಾತನಿಗೆ ಕಾಗೆ ಹೊಡೆದಾಗ ಮೈಸೂರಿನಿಂದ ಎದೆ ಬಡಿದುಕೊಂಡು ಬಂದ ಅವರ ತಂಗಿ, ಅಣ್ಣ ಜಗಲಿಯಲ್ಲಿ ಕೂತು ಮುದ್ದೆ ಮುರಿಯುತ್ತಿದ್ದುದನ್ನು ಕಂಡು, ಆ ಸಿಟ್ಟಿಗೆ ವರ್ಷವಿಡೀ ಮಾತು ಬಿಟ್ಟಿದ್ದರಂತೆ. ತಾತ ಮಾತ್ರ ಬಹಳ ಕಾಲ ಬದುಕಿದರು.

ಅಮ್ಮ ಆಗಲೇ ಫೋನ್ ಹಿಡಿದಿದ್ದಳು. "ಹಲೋ, ಇವತ್ತು ಏಳಕ್ಕೆ ಟಿವಿ ಹಾಕು. ನಮ್ಮ ಚಿಕ್ಕೋಳು ಸಾಯ್ತಾಳೆ. ಚೆನ್ನಾಗಿ ಅಳು... ಹೂಂ, ಸೀರಿಯಲ್ಲಲ್ಲೇ ಕಣೇ. ಆದ್ರೇನು, ಫೋಟೋ ಅವಳದೇ ಅಲ್ವಾ? ಸುಮ್ನೆ ಅಯ್ಯೋ ಅಂದ್ರೆ ಆಗಲ್ಲ, ಕಣ್ಣಲ್ಲಿ ನೀರು ಬರ್ಬೇಕು." ಮಂಡ್ಯದ ಚಿಕ್ಕಮ್ಮ, ಮೈಸೂರಿನ ಸೋದರತ್ತೆ, ಮಹಡಿ ಮನೆಯವರು, ಯಾರನ್ನೂ ಬಿಡಲಿಲ್ಲ. ನನಗೆ ನಗು ಬರಬೇಕಿತ್ತು. ತಂಗಿಯ ಕಡೆ ನೋಡಿದೆ, ಅವಳು ಎರಡೂ ಕೈಗಳನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದು ಕೂತಿದ್ದಳು.

ಅಕ್ಕಿ ಡಬ್ಬಿಯಿಂದ ಸೆಲ್ಲು ವಾಪಸ್ ತಂದು ಹಾಕಿದೆ. ಏಳು ಹೊಡೆಯುವ ಮುಂಚೆ ಅಮ್ಮ ತಂಗಿಯನ್ನು ಕೋಣೆಗೆ ಕಳಿಸಿದಳು. "ಯಾರಿಗೆ ಅಳ್ತೀವೋ ಅವರು ಎದುರಿಗೆ ಇರಬಾರ್ದು. ಬಾಗ್ಲು ಹಾಕ್ಕೋ." ಆಮೇಲೆ ನನ್ನ ಕಡೆ ತಿರುಗಿ, "ನೀನು ಬಾಯಿ ಮುಚ್ಕೊಂಡು ನೋಡು. ಅದು ಸರಿಯಿಲ್ಲ, ಇದು ಸರಿಯಿಲ್ಲ ಅಂತ ಶುರುಮಾಡಿದ್ರೆ ನೋಡ್ಕೋ" ಎಂದು ಎಚ್ಚರಿಸಿದಳು.

ಎಪಿಸೋಡು ನಾನು ಹೆದರಿದ್ದಕ್ಕಿಂತ ಕೆಟ್ಟದಾಗಿತ್ತು. ಸುದ್ದಿ ಕೇಳಿದ ಕೂಡಲೇ ಒಬ್ಬೊಬ್ಬರ ಮುಖಕ್ಕೂ ಕ್ಯಾಮೆರಾ ಧಡ್ ಧಡ್ ಎಂದು ನುಗ್ಗಿತು. ಆರತಿ ತಟ್ಟೆ ಕೆಳಗೆ ಬಿದ್ದು ಅದೆಷ್ಟು ಹೊತ್ತು ಉರುಳಿತೋ. ಸಾವಿನ ಮನೆಯಲ್ಲೂ ಸೊಸೆಯಂದಿರ ಲಿಪ್‌ಸ್ಟಿಕ್ ಕದಲಿರಲಿಲ್ಲ. ಅಮ್ಮ ಶಾಸ್ತ್ರೋಕ್ತವಾಗಿ ಸೆರಗು ಬಾಯಿಗಿಟ್ಟು ಅಳಲು ಶುರುಮಾಡಿ ನನ್ನನ್ನು ಮೊಣಕೈಯಿಂದ ತಿವಿದಳು. ನನಗೆ ಎಲ್ಲಿಂದ ಬರಬೇಕು ಅಳು? ಪಿಟೀಲಿನ ಕುಯ್ಯೋ ಮರ್ರೋ ಕೇಳುತ್ತಾ ಹಲ್ಲು ಕಚ್ಚಿ ಕೂತಿದ್ದೆ.

ಆಗ ಫೋಟೋ ಬಂತು. ಇಡೀ ತೆರೆಯ ತುಂಬ ನನ್ನ ತಂಗಿ. ಗಾಜಿನ ಮೇಲೆ ಕುಂಕುಮದ ಬೊಟ್ಟು, ಎದೆಯವರೆಗೂ ಇಳಿದ ಹಾರ. ಹಿಂದೆ ಕೆರೆಯ ನೀರು. ಸುತ್ತ ಇದ್ದವರೆಲ್ಲ ನಟಿಸುತ್ತಿದ್ದರು, ಇವಳೊಬ್ಬಳು ಮಾತ್ರ ಅಪ್ಪನನ್ನು ನೋಡಿ ನಿಜವಾಗಿ ನಗುತ್ತಿದ್ದಳು. ಆ ನಗುವನ್ನು ಯಾವ ನಿರ್ದೇಶಕನೂ ಹೇಳಿಕೊಟ್ಟಿರಲಿಲ್ಲ. ಅಪ್ಪನ "ಫ್ಯಾನ್ ಸ್ವಲ್ಪ ಕಮ್ಮಿ ಮಾಡಮ್ಮ" ಕಿವಿಯಲ್ಲಿ ಕೇಳಿಸಿತು. ನಾಳೆ ಬೆಳಿಗ್ಗೆ ಆ ಕಾಗದದಲ್ಲಿ ಏನು ಬರೆದಿರುತ್ತದೋ ಎಂದುಕೊಂಡೆ. ಅಷ್ಟೇ, ನನ್ನ ಗಂಟಲಿನಿಂದ ಎಂಥದೋ ಸದ್ದು ಹೊರಟಿತು. ನಿಲ್ಲಿಸೋಣವೆಂದರೆ ನಿಲ್ಲಲಿಲ್ಲ. ಸೋಫಾದ ದಿಂಬಿಗೆ ಮುಖವೊತ್ತಿ, ಅಪ್ಪ ಹೋದಾಗಲೂ ಅಳದಷ್ಟು ಅತ್ತೆ.

ತಲೆಯೆತ್ತಿದಾಗ ಟಿವಿಯ ಸದ್ದು ನಿಂತಿತ್ತು. ಅಮ್ಮ ಅಳು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ರಿಮೋಟು ಅವಳ ಕೈಯಲ್ಲಿತ್ತು.

"ಸೀರಿಯಲ್ ನೋಡಿ ಅಳೋಳಲ್ಲ ನೀನು" ಅಂದಳು. ದನಿ ಬಹಳ ಸಣ್ಣಗಿತ್ತು. "ಏನಾಗಿದೆ ಅವಳಿಗೆ?"

ನನಗೆ ಸುಳ್ಳು ಹೊಳೆಯಲಿಲ್ಲ. ಊರಿನವರ ನಟನೆಯಲ್ಲೆಲ್ಲ ಹುಳುಕು ಹುಡುಕುವ ನಾನು ಅಮ್ಮನ ಮುಂದೆ ಒಂದು ಗಳಿಗೆ ನಟಿಸಲಾರದೆ ಹೋದೆ. ಕೋಣೆಯ ಬಾಗಿಲು ತೆರೆಯಿತು. ತಂಗಿ ಹೊಸ್ತಿಲ ಮೇಲೆಯೇ ನಿಂತು ಎಲ್ಲ ಹೇಳಿದಳು, ಗಂಟು, ಬಯಾಪ್ಸಿ, ನಾಳೆಯ ರಿಪೋರ್ಟು. ಅವಳ ಪಕ್ಕದ ಗೋಡೆಯಲ್ಲಿ ಖಾಲಿ ಮೊಳೆ ಕಾಣುತ್ತಿತ್ತು.

ಅಮ್ಮ ಬೈಯಲಿಲ್ಲ, ಅಳಲೂ ಇಲ್ಲ. ಫೋನ್ ತೆಗೆದುಕೊಂಡಳು. ಮೊದಲ ಸಲ ಬೇರೆ ಯಾರಿಗೋ ಹೋಯಿತು, ಕಟ್ ಮಾಡಿ ಮತ್ತೆ ಒತ್ತಿದಳು.

"ಅತ್ತಾಯ್ತೇನೇ?... ಹೂಂ. ಸಾಕಾಗಲ್ಲ ಕಣೇ ಅದು. ಇನ್ನೊಂದು ಸಲ ಅಳು. ಯಾಕೆ ಅಂತ ಕೇಳ್ಬೇಡ, ನನ್ನಾಣೆ, ಇನ್ನೊಂಚೂರು ಅಳು."

ಹಾಗೆ ಒಬ್ಬೊಬ್ಬರಿಗೂ ಹೇಳಿದಳು. ಎಲ್ಲರದೂ ಮುಗಿದ ಮೇಲೆ ನಮ್ಮಿಬ್ಬರಿಗೂ ತಲೆಗೆ ನೀರು ಹಾಕಿಕೊಳ್ಳಲು ಹೇಳಿ, ತಾನೂ ಮಿಂದು ಬಂದು, ತಂಗಿಗೆ ತಟ್ಟೆ ಹಾಕಿ ಅನ್ನ ಬಡಿಸಿದಳು. ಅವಳು ಮೊದಲ ತುತ್ತು ಬಾಯಿಗಿಟ್ಟ ಮೇಲೆ ಮಂಡ್ಯಕ್ಕೆ ಮತ್ತೆ ಫೋನ್ ಹೋಯಿತು. "ಬದುಕಿದಾಳೆ ಕಣೇ. ಇಲ್ಲೇ ಇದಾಳೆ. ಊಟ ಮಾಡ್ತಿದಾಳೆ."

ಬೆಳಿಗ್ಗೆ ರಿಪೋರ್ಟ್ ಬಂತು. ಗಂಟು ಕೆಟ್ಟದ್ದಲ್ಲ ಎಂದರು, ಆದರೂ ತೆಗೆಸಿಬಿಡಿ ಎಂದರು. ತೆಗೆಸಿದ್ದಾಯಿತು, ತಂಗಿ ಈಗ ಇನ್ನೊಂದು ಸೀರಿಯಲ್ಲಿನಲ್ಲಿ ಯಾರದೋ ತಾಯಿ. ಅವಳ ಆ ಫೋಟೋ ವಾಪಸ್ ಬಂದಾಗ ಗಾಜಿನ ಮೂಲೆಯಲ್ಲಿ ಕುಂಕುಮ ಉಳಿದಿತ್ತು, ಅಮ್ಮ ಹುಣಸೆಹಣ್ಣು ಹಾಕಿ ತಿಕ್ಕಿ ಅದೇ ಮೊಳೆಗೆ ತಗುಲಿಸಿದಳು. ನಮ್ಮ ಮನೆಯ ಫೋಟೋ ಇನ್ನು ಯಾವ ಶೂಟಿಂಗಿಗೂ ಹೋಗುವಂತಿಲ್ಲ ಎಂದು ಅವಳ ಕಟ್ಟಪ್ಪಣೆ.

ಮಗಳು ಉಳಿದದ್ದು ನೆಂಟರ ಕಣ್ಣೀರಿನಿಂದ ಎಂದು ಅಮ್ಮ ಇಂದಿಗೂ ಹೇಳುತ್ತಾಳೆ. ಗಂಟು ಮೊದಲಿನಿಂದಲೂ ಹಾಗೆಯೇ ಇತ್ತಲ್ಲಮ್ಮ ಎಂದು ತಂಗಿ ನಗುತ್ತಾಳೆ. ಹೀರೋನ ಬೂಟಿನಿಂದ ಹಿಡಿದು ಸಾವಿನ ಮನೆಯ ಲಿಪ್‌ಸ್ಟಿಕ್ಕಿನವರೆಗೆ ಎಲ್ಲದಕ್ಕೂ ಅಭಿಪ್ರಾಯವಿರುವ ನಾನು ಈ ಒಂದು ವಿಷಯಕ್ಕೆ ಬಾಯಿ ಬಿಡುವುದಿಲ್ಲ.