ಚಿಕ್ಕಣ್ಣನ ಅಂಗಿ ಗುಂಡಿ

ಗೆಳೆಯರೇ, ಎಂಬತ್ತರ ದಶಕದ ಶುರುವಿನ ಮಾತು. ಆಗ ನಾನು ತುಮಕೂರಿನ ಕಾರ್ಮಿಕ ಕಚೇರಿಯಲ್ಲಿ ಟೈಪಿಸ್ಟ್.

ಆ ದಿನ ಗುಬ್ಬಿ ಕಡೆಯ ಚಿಕ್ಕಣ್ಣ ಹೆಂಡತಿ ನಂಜಮ್ಮನ ಜೊತೆ ಬಂದಿದ್ದ. ಮರ ಕೊಯ್ಯುವ ಮಿಲ್ಲಿನಲ್ಲಿ ಅವನ ಬಲಗೈಯ ಮೂರು ಬೆರಳು ಹೋಗಿದ್ದವು. ಪರಿಹಾರ ಎಷ್ಟೆಂದು ಗೊತ್ತುಮಾಡಲು ನಮ್ಮ ಕಚೇರಿಯ ಸಾಹೇಬರು ಕೇಳಿದರು: "ಈಗ ಯಾವ ಕೆಲಸ ಆಗಲ್ಲ, ಹೇಳಪ್ಪ."

"ಎಲ್ಲಾ ಆಯ್ತದೆ ಸಾಮಿ" ಎಂದ ಚಿಕ್ಕಣ್ಣ. ಆಗಲ್ಲ ಎಂದರೆ ಮಿಲ್ಲಿನವರು ಮತ್ತೆ ಕೆಲಸಕ್ಕೆ ಕರೆಯುವುದಿಲ್ಲವೆಂಬ ಭಯ ಅವನಿಗೆ.

ನಂಜಮ್ಮ ಎದ್ದು ನಿಂತಳು. "ಸುಳ್ಳು ಹೇಳ್ತಾವ್ರೆ ಸಾಮಿ. ಅಂಗಿ ಗುಂಡಿನೂ ನಾನೇ ಹಾಕ್ಬೇಕು."

ಮಾಲೀಕರ ಕಡೆ ವಕೀಲರು ನಕ್ಕರು. "ಗಂಡನಿಗೆ ಗುಂಡಿ ಹಾಕೋದು ಹೊಸದೇನಮ್ಮ? ಮೊದಲೂ ಹಾಕ್ತಿರಲಿಲ್ವಾ?"

"ಹಾಕಕ್ಕೆ ಹೋಯ್ತಿದ್ದೆ. 'ನಾನೇನು ಮಗುವಾ, ಬುಡು' ಅಂತ ಕೈ ತಳ್ತಿದ್ರು. ಈಗ ಸುಮ್ನೆ ನಿಂತ್ಕೊತಾರೆ ಸಾಮಿ."

ವಕೀಲರು ಫೈಲು ಮುಚ್ಚಿ ಕುಳಿತರು. ಚಿಕ್ಕಣ್ಣ ಟವೆಲಿನಲ್ಲಿ ಮುಖ ಒರೆಸಿಕೊಂಡ. ಸಾಹೇಬರು ನನ್ನತ್ತ ತಿರುಗಿ, "ಆಯಮ್ಮ ಹೇಳಿದ್ದನ್ನ ಹಾಗೇ ಟೈಪ್ ಮಾಡು" ಎಂದರು. ಮುಂದೆ ಚಿಕ್ಕಣ್ಣನಿಗೆ ಕೇಳಿದಷ್ಟು ಪರಿಹಾರವೂ ಸಿಕ್ಕಿತು, ಮಿಲ್ಲಿನ ಗೇಟಿನಲ್ಲಿ ಕಾವಲು ಕೆಲಸವೂ ಸಿಕ್ಕಿತು.

ಅವತ್ತು ಹೊರಗೆ ಬಂದ ಮೇಲೆ, ನನ್ನ ಕಿಟಕಿಯ ಪಕ್ಕದಲ್ಲೇ ಚಿಕ್ಕಣ್ಣ ಹೆಂಡತಿಯನ್ನು ಗದರಿದ: "ಮನೆ ವಿಷ್ಯ ಎಲ್ಲ ಆಫೀಸ್ನಲ್ಲಿ ಯಾಕಮ್ಮಿ ಬರೆಸ್ದೆ?"

"ಬರೆಸಿರೋದು ಅರ್ಧ" ಎಂದಳು ನಂಜಮ್ಮ. "ಸುಮ್ನೆ ನಡೀರಿ, ಬಸ್ಸು ಹೊಂಟೋಯ್ತದೆ."

ಉಳಿದರ್ಧ ಕೇಳುವ ಆಸೆ ನನಗಿತ್ತು. ಟೈಪಿಸ್ಟ್‌ಗೆ ಪ್ರಶ್ನೆ ಕೇಳುವ ಅಧಿಕಾರ ಇರಲಿಲ್ಲ.