ಗಿರಣಿ ಹಾಲಮ್ಮ

ಹಾಲಮ್ಮನವರ ಹತ್ತಿರ ಗುಟ್ಟಿನ ಮಾತು ಆಡುವುದಕ್ಕೆ ಆಗುತ್ತಲೇ ಇರಲಿಲ್ಲ. ಅವರಿಗೆ ಕೇಳಬೇಕೆಂದರೆ ಕೂಗಬೇಕು, ಕೂಗಿದರೆ ನ್ಯಾಮತಿಯ ಆ ಬೀದಿಗೆಲ್ಲ ಕೇಳುತ್ತಿತ್ತು. ಗಂಡ ತೀರಿಕೊಂಡ ಮೇಲೆ ಹಿಟ್ಟಿನ ಗಿರಣಿಯನ್ನು ಅವರೇ ನಡೆಸಿಕೊಂಡು ಬಂದಿದ್ದರು. ಇಪ್ಪತ್ತೆರಡು ವರ್ಷ ಮೋಟಾರಿನ ಪಕ್ಕ ನಿಂತು ನಿಂತು ಕಿವಿ ಹೋಗಿತ್ತು. ಅದನ್ನು ಅವರು ಒಪ್ಪಿದರೆ ತಾನೆ! "ನನ್ನ ಕಿವಿಗೇನು ಧಾಡಿ? ಈಗಿನ ಜನ ಬಾಯಾಗೆ ಎಲೆ ಅಡಿಕೆ ಇಟ್ಕಂಡು ಮಾತಾಡ್ತಾರೆ" ಎನ್ನುತ್ತಿದ್ದರು.

ಅರವತ್ತರ ಹತ್ತಿರದ ವಯಸ್ಸು, ಎತ್ತರದ ಆಳು, ಸೀರೆಯನ್ನು ಮೇಲಕ್ಕೆತ್ತಿ ಸಿಕ್ಕಿಸಿರುತ್ತಿದ್ದರು. ಬೆಳಿಗ್ಗೆ ಹಣೆಗೆ ವಿಭೂತಿ ಹಚ್ಚಿಕೊಂಡು ಬಂದರೆ ಹತ್ತು ಗಂಟೆಯ ಹೊತ್ತಿಗೆ ಅದು ವಿಭೂತಿಯೋ ಹಿಟ್ಟೋ ಗೊತ್ತಾಗುತ್ತಿರಲಿಲ್ಲ. ಗಿರಣಿಯ ಬಾಯಿಗೆ ಕಟ್ಟಿದ ಬಟ್ಟೆಯ ತೋಳಿನಿಂದ ಇಳಿಯುವ ಬಿಸಿ ಹಿಟ್ಟನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡಿ, ಕಲ್ಲನ್ನು ಅರ್ಧ ಸುತ್ತು ಬಿಗಿ ಮಾಡುತ್ತಿದ್ದರು ಇಲ್ಲವೇ ಸಡಿಲಿಸುತ್ತಿದ್ದರು. ಯಾರ ಮನೆಯಲ್ಲಿ ಏನು ನಡೆಯುತ್ತಿದೆ ಎನ್ನುವುದನ್ನು ಡಬ್ಬದಲ್ಲೇ ಓದುತ್ತಿದ್ದರು. ದಿನಾ ಜೋಳ ತರುವವರು ಗೋಧಿ ತಂದರೆ "ಏನ್ರೀ, ಬೀಗರು ಬಂದಾರಾ?" ಅಂತ ಕೇಳಿಯೇಬಿಡುವರು. ಯಾರೂ ಬೇಸರ ಮಾಡಿಕೊಂಡದ್ದನ್ನು ನಾನು ಕಾಣೆ.

ಅವರ ಗಿರಣಿಯಲ್ಲಿ ಒಂದು ನಿಯಮವಿತ್ತು. ಡಬ್ಬ ಸಾಲಿನಲ್ಲಿಟ್ಟರೆ ಸಾಲದು. ಒಂದು ಡಬ್ಬ ಮುಗಿದ ಕೂಡಲೇ "ಯಾರ್ ಪಾಳಿ?" ಎಂದು ಕೂಗುತ್ತಿದ್ದರು. "ನಂದು, ಜೋಳ, ರೊಟ್ಟಿಗೆ" ಅಂತ ಗಟ್ಟಿಯಾಗಿ ಹೇಳಿದವರ ಧಾನ್ಯ ಒಳಗೆ ಹೋಗುತ್ತಿತ್ತು. ಯಾವ ಧಾನ್ಯ, ಎಷ್ಟು ನುಣ್ಣಗೆ ಎನ್ನುವುದನ್ನು ಮನೆಯವರೇ ಹೇಳಬೇಕಲ್ಲ, ಅದಕ್ಕೆ. ಸುಮ್ಮನೆ ನಿಂತವರ ಡಬ್ಬ ಸುಮ್ಮನೆ ನಿಂತಿರುತ್ತಿತ್ತು.

ನಾನು ಅವರ ಕಣ್ಣಿಗೆ ಬಿದ್ದದ್ದೇ ಹಾಗೆ ಸುಮ್ಮನೆ ನಿಂತು. ನನ್ನದು ಜಗಳೂರು ಕಡೆಯ ಹಳ್ಳಿ. ಬಿಎಸ್ಸಿ ಓದಲು ಅಷ್ಟು ದೂರ ನ್ಯಾಮತಿಗೆ ಬಂದದ್ದು ಅಲ್ಲಿ ಅಕ್ಕ ಭಾವ ಇದ್ದರು ಎಂಬ ಒಂದೇ ಕಾರಣಕ್ಕೆ. ಭಾವ ಲೈನ್‌ಮನ್. ನನ್ನ ನಾಚಿಕೆಯನ್ನು ಈಗ ನೆನೆದರೆ ನನಗೇ ಸಿಟ್ಟು ಬರುತ್ತದೆ. ಬಸ್ಸಿನಲ್ಲಿ ನನ್ನ ಸ್ಟಾಪ್ ಬಂದರೂ ಹೇಳಲು ಬಾಯಿ ಬಾರದೆ, ಮುಂದಿನ ಸ್ಟಾಪಿನಲ್ಲಿ ಯಾರಾದರೂ ಇಳಿಯುವಾಗ ಅವರ ಹಿಂದೆ ಇಳಿದು ವಾಪಸ್ ನಡೆಯುತ್ತಿದ್ದೆ. ಕಾಲೇಜಿನಲ್ಲಿ ಹಾಜರಿ ಕೂಗಿದಾಗ ನನ್ನ ಉತ್ತರ ಪಕ್ಕದ ಹುಡುಗಿಗೂ ಕೇಳುತ್ತಿರಲಿಲ್ಲ. ಮೊದಲ ತಿಂಗಳು ದಿನವೂ ಕ್ಲಾಸಿನಲ್ಲಿ ಕೂತಿದ್ದೆ, ರಿಜಿಸ್ಟರಿನಲ್ಲಿ ಮಾತ್ರ ಬಂದೇ ಇರಲಿಲ್ಲ.

ಒಂದು ದಿನ ಅಕ್ಕ ಜೋಳದ ಡಬ್ಬ ಕೊಟ್ಟು ಗಿರಣಿಗೆ ಕಳಿಸಿದಳು. ಒಂಬತ್ತಕ್ಕೆ ಹೋದೆ. ಹನ್ನೊಂದಕ್ಕೆ ಕಾಲೇಜಿನಲ್ಲಿ ಟೆಸ್ಟ್. "ಯಾರ್ ಪಾಳಿ?" ಎಂದಾಗಲೆಲ್ಲ ನಾನು ಬಾಯಿ ತೆರೆಯುವಷ್ಟರಲ್ಲಿ ಇನ್ನೊಬ್ಬರು "ನಂದು" ಎಂದುಬಿಡುತ್ತಿದ್ದರು. ನನ್ನ ಹಿಂದೆ ಬಂದವರು, ಅವರ ಹಿಂದೆ ಬಂದವರು, ಎಲ್ಲರೂ ಬೀಸಿಸಿಕೊಂಡು ಹೋದರು. ಹನ್ನೊಂದೂವರೆಗೆ ಹಾಲಮ್ಮ ಮೋಟಾರು ನಿಲ್ಲಿಸಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನನ್ನ ಎದುರು ನಿಂತರು.

"ಒಂಬತ್ತರಿಂದ ನೋಡ್ತಾ ಅದೀನಿ. ಈ ಡಬ್ಬ ಯಾರ್ದು?"

"ನಂದು."

"ಏನಂದೆ?"

"ನಂದು."

"ನಿಂದಾದ್ರೆ ನಿಂದು ಅನ್ನಾಕೆ ಏನು ಸಂಕಟ? ಕದ್ದು ತಂದಿಯಾ ಜೋಳಾನ?"

"ನಂದೂ!" ಎಂದು ಕಿರುಚಿದೆ. ಇದ್ದವರೆಲ್ಲ ನಕ್ಕರು. ಹಾಲಮ್ಮ ನಗಲಿಲ್ಲ. "ಹ್ಞಾಂ, ಈಗ ತಾ" ಅಂತ ಡಬ್ಬ ಎತ್ತಿ ಸುರಿದರು. ದಾರಿಯುದ್ದಕ್ಕೂ ಅಳುತ್ತ ಮನೆಗೆ ಬಂದೆ. ಟೆಸ್ಟೂ ಹೋಯಿತು, ಮರ್ಯಾದೆಯೂ ಹೋಯಿತು ಎಂದು ಆ ಹೆಂಗಸಿಗೆ ಮನಸಾರೆ ಶಾಪ ಹಾಕಿದೆ. ಮರುದಿನ ಹಾಜರಿಗೆ ಅದೇ ಸಿಟ್ಟಿನಲ್ಲಿ "ಪ್ರೆಸೆಂಟ್ ಸರ್" ಎಂದದ್ದು ಎಷ್ಟು ಜೋರಾಗಿತ್ತೆಂದರೆ, ಮೇಷ್ಟ್ರು ಕನ್ನಡಕ ತೆಗೆದು "ಓಹೋ, ಹೊಸದಾಗಿ ಸೇರಿದ್ದೀಯೇನಮ್ಮ?" ಎಂದು ಕೇಳಿದರು.

ದೀಪಾವಳಿ ಕಳೆಯುತ್ತಿದ್ದಂತೆ ಭಾವನಿಗೆ ಚನ್ನಗಿರಿಗೆ ವರ್ಗವಾಯಿತು. ಅಪ್ಪ ಊರಿಂದ ಬಂದರು. "ಒಬ್ಬಳೇ ಹೆಂಗಿರ್ತಾಳೆ? ಮೊದ್ಲೇ ಬಾಯಿಲ್ಲ. ಓದು ಈ ವರ್ಷಕ್ಕೆ ಸಾಕು, ಮನೆಗೆ ಕರ್ಕಂಡು ಹೋಗ್ತೀನಿ" ಎಂದರು. ಒಮ್ಮೆ ಮನೆಗೆ ಹೋದರೆ ಮತ್ತೆ ಕಾಲೇಜಿಲ್ಲ ಎಂದು ನನಗೆ ಗೊತ್ತಿತ್ತು. ಗಿರಣಿಯ ಹಿಂದೆ ಒಂದು ಕೋಣೆ ಖಾಲಿ ಇದೆ ಎಂದು ಭಾವ ಹೇಳಿದ. ಮೂವರೂ ಹೋದೆವು. ಅಪ್ಪ ವಿಚಾರಿಸಿದಾಗ ಹಾಲಮ್ಮ, "ಕೋಣೆ ಐತ್ರೀ. ಆದ್ರೆ ಇರೋಳು ಅವಳಲ್ವಾ? ಅವಳೇ ಕೇಳ್ಲಿ" ಎಂದು ನನ್ನ ಕಡೆ ನೋಡಿದರು.

"ದೊಡ್ಡಮ್ಮ, ನಂಗೆ ಕೋಣೆ ಬೇಕು. ನಾನು ಇಲ್ಲೇ ಇದ್ದು ಓದ್ತೀನಿ" ಎಂದು ಕೂಗಿದೆ. ಮೋಟಾರಿನ ಸದ್ದನ್ನೂ ಮೀರಿ ಕೇಳಿತು. ಅಪ್ಪನ ಎದುರು ಅಷ್ಟು ದೊಡ್ಡ ದನಿ ತೆಗೆದದ್ದು ಅದೇ ಮೊದಲು. ಅಪ್ಪ ಅಕ್ಕನ ಮನೆಗೆ ಹೋಗಿ ನನ್ನ ಟ್ರಂಕು ತಂದರು.

ಅಲ್ಲಿಂದ ಶುರುವಾಯಿತು ನೋಡಿ ನನ್ನ ಕೂಗಾಟದ ಜೀವನ. ಸಾರಿಗೆ ಉಪ್ಪು ಹಾಕಿದಿರಾ ಎಂದು ಕೂಗಬೇಕು, ನೀರು ಬಂತು ಎಂದು ಕೂಗಬೇಕು. ಹೊಟ್ಟೆನೋವು ಅಂತ ಒಂದು ದಿನ ಹೇಳಿದ್ದಕ್ಕೆ ಮರುದಿನ ಎದುರಿನ ಮೆಡಿಕಲ್ ಶಾಪಿನ ಸಾಹೇಬರು "ಹೆಂಗೈತಮ್ಮ ಈಗ ಹೊಟ್ಟೆನೋವು?" ಎಂದು ವಿಚಾರಿಸಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹಾಲಮ್ಮನಿಗೆ ಹೇಳಿದರೆ, "ಕೇಳಿದ್ರೆ ಕೇಳ್ಲಿ ಬಿಡು. ಹೊಟ್ಟೆ ಇರೋರಿಗೆಲ್ಲ ನೋಯ್ತೈತೆ" ಎಂದು ನಕ್ಕರು. ಆಮೇಲಾಮೇಲೆ ನನಗೂ ಅಭ್ಯಾಸವಾಯಿತು. ಬಸ್ಸಿನಲ್ಲಿ ನನ್ನ ಸ್ಟಾಪಿನಲ್ಲೇ ಇಳಿಯತೊಡಗಿದೆ. ಲ್ಯಾಬಿನಲ್ಲಿ ಅರ್ಥವಾಗದ್ದನ್ನು ಎದ್ದು ನಿಂತು ಕೇಳತೊಡಗಿದೆ. ಯಾರಿಗೂ ಹೇಳದೆ ಒಬ್ಬಳೇ ಹೊನ್ನಾಳಿಗೆ ಹೋಗಿ ಪುಸ್ತಕ ಕೊಂಡು ತಂದೆ. ಸಂಜೆ ಬಂದು ಅದನ್ನು ಕೂಗಿ ಹೇಳಿದರೆ ಹಾಲಮ್ಮ ಏನೂ ಹೊಗಳಲಿಲ್ಲ, ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಸ್ವಲ್ಪ ಹೆಚ್ಚು ಹಾಕಿದರು.

ಅವರಿಗೆ ಇದ್ದವಳು ಒಬ್ಬಳೇ ಮಗಳು, ರತ್ನಕ್ಕ, ತ್ಯಾವಣಿಗೆಗೆ ಕೊಟ್ಟಿದ್ದರು. ಫೋನಿನಲ್ಲಿ ಹಾಲಮ್ಮನಿಗೆ ಏನೂ ಕೇಳುತ್ತಿರಲಿಲ್ಲವಾದ್ದರಿಂದ ರತ್ನಕ್ಕ ಭಾನುವಾರ ಸಂಜೆ ನನ್ನ ಫೋನಿಗೆ ಮಾಡುತ್ತಿದ್ದರು. ಗಿರಣಿಯ ಮೆಟ್ಟಿಲ ಮೇಲೆ ಇಬ್ಬರೂ ಕೂರುತ್ತಿದ್ದೆವು. ರತ್ನಕ್ಕ ಅಲ್ಲಿಂದ ಹೇಳಿದ್ದನ್ನು ನಾನು ಕೂಗುವುದು, ಹಾಲಮ್ಮ ಕೂಗಿದ್ದು ಅಲ್ಲಿಗೆ ತಾನಾಗಿಯೇ ಕೇಳುವುದು. ತಾಯಿ ಮಗಳ ನಡುವೆ ಕೂತು ಮಾತು ದಾಟಿಸುವುದು ನನಗೆ ಎಷ್ಟು ಹೆಮ್ಮೆಯ ಕೆಲಸವಾಗಿತ್ತು!

ಚಳಿಗಾಲ ಮುಗಿಯುವ ಹೊತ್ತಿಗೆ ಅವರಿಗೆ ಕೆಮ್ಮು ಹತ್ತಿತು. ಮೊದಲೂ ಕೆಮ್ಮುತ್ತಿದ್ದರು, ಆದರೆ ಈಗಿನದು ಹಿಡಿದರೆ ಬಿಡುತ್ತಿರಲಿಲ್ಲ. ಹಿಟ್ಟಿನ ಧೂಳು, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಅಂದರೆ "ಮದುಮಗಳ ಹಂಗೆ ಮುಸುಕು ಹಾಕ್ಕಳ್ಳಾ?" ಎಂದು ತಮಾಷೆ ಮಾಡುತ್ತಿದ್ದರು. ಆಸ್ಪತ್ರೆಯ ಮಾತೆತ್ತಿದರೆ ಕಿವಿ ಕೇಳದವರ ಹಾಗೆ ಇರುವರು. ಒಂದು ಮಧ್ಯಾಹ್ನ ನಾನು ಕಾಲೇಜಿನಿಂದ ಬಂದಾಗ ಮೋಟಾರು ಓಡುತ್ತಿತ್ತು, ಹಾಲಮ್ಮ ಗೋಡೆ ಹಿಡಿದು ಬಗ್ಗಿ ಕೆಮ್ಮುತ್ತಿದ್ದರು, ಸಿಕ್ಕಿಸಿದ ಸೆರಗು ಬಿಚ್ಚಿ ಬೆಲ್ಟಿನ ಕಡೆ ಹೋಗುತ್ತಿತ್ತು. ನಾನು ಓಡಿ ಹೋಗಿ ಸ್ವಿಚ್ ಆರಿಸುವಷ್ಟರಲ್ಲಿ ಬೆಲ್ಟು ಸೆರಗನ್ನು ಎಳೆದುಕೊಂಡಿತ್ತು, ಸೆರಗು ಗೇಣುದ್ದ ಹರಿದಿತ್ತು. ಅವರು ನೆಲಕ್ಕೆ ಕುಸಿದು ಕೂತರು.

ಸುಧಾರಿಸಿಕೊಂಡ ಮೇಲೆ ಅವರು ಹೇಳಿದ ಮೊದಲ ಮಾತು, "ರತ್ನಂಗೆ ಹೇಳಂಗಿಲ್ಲ" ಎಂದು.

"ಹೇಳ್ಬೇಕು ದೊಡ್ಡಮ್ಮ!"

"ಹೇಳಿದ್ರೆ ಏನಾಗ್ತೈತೆ ಗೊತ್ತಾ? ಬಂದು ಬಾಗ್ಲು ಹಾಕಿ ಕರ್ಕಂಡು ಹೋಗ್ತಾಳೆ. ಅಳಿಯ ಒಳ್ಳೇನು, ಇಲ್ಲ ಅನ್ನಲ್ಲ. ಆದ್ರೆ ಅಲ್ಲಿ ಒಂದ್ ಲೋಟ ಚಾ ಬೇಕಂದ್ರೂ ನಾನು ಇನ್ನೊಬ್ಬರ ಮಾರಿ ನೋಡ್ಬೇಕು. ಇಲ್ಲಿ ನನ್ನ ಗಿರಣಿ, ನನ್ನ ಒಲೆ. ನೀನು ನಿಮ್ಮಪ್ಪನ ಮುಂದೆ ಕೂಗಿದ್ಯಲ್ಲ, ಇಲ್ಲೇ ಇರ್ತೀನಿ ಅಂತ? ನಂದೂ ಅಷ್ಟೇ."

ಹತ್ತು ದಿನ ಸುಮ್ಮನಿದ್ದೆ. ಕಾಲೇಜಿನಲ್ಲಿ ಕೂತರೂ ಬೆಲ್ಟು ಕಣ್ಣ ಮುಂದೆ ತಿರುಗುತ್ತಿತ್ತು. ಬೆಳಗಿನ ಜಾವ ಅವರ ಕೆಮ್ಮು ಕೇಳಿದರೆ ಗೋಡೆಯ ಈಚೆ ನಾನು ಉಸಿರು ಹಿಡಿದುಕೊಂಡು, ಅದು ನಿಲ್ಲುವವರೆಗೆ ಕಾಯುತ್ತಿದ್ದೆ.

ಎರಡನೆಯ ಭಾನುವಾರ ರತ್ನಕ್ಕನ ಫೋನು ಬಂತು. ಹಾಲಮ್ಮ ನನ್ನ ಪಕ್ಕದಲ್ಲೇ ಕೂತು ಅವರೆಕಾಯಿ ಬಿಡಿಸುತ್ತಿದ್ದರು. "ಅವ್ವ ಹೆಂಗಿದಾಳೆ? ದನಿ ಯಾಕೋ ಬಿದ್ದಂಗೈತೆ" ಎಂದರು ರತ್ನಕ್ಕ. ನಾನು ಎದ್ದು ಒಳಗೆ ಹೋಗಲಿಲ್ಲ. ಹೋದರೆ ಹಾಲಮ್ಮನಿಗೆ ಅನುಮಾನ ಬರುತ್ತಿತ್ತು. ಅಲ್ಲೇ ಕೂತು, ಬೀದಿಯ ಕಡೆ ಮುಖ ಮಾಡಿ, ನನ್ನ ಹಳೆಯ ದನಿಯಲ್ಲಿ, ಆ ಯಾರಿಗೂ ಕೇಳಿಸದ ದನಿಯಲ್ಲಿ, ಎಲ್ಲವನ್ನೂ ಹೇಳಿಬಿಟ್ಟೆ. ಕೆಮ್ಮು, ಬೆಲ್ಟು, ಹರಿದ ಸೆರಗು, ಒಂದನ್ನೂ ಬಿಡದೆ. ತುಟಿಯ ಮೇಲೆ ಒಂದು ನಗುವನ್ನೂ ಇಟ್ಟುಕೊಂಡಿದ್ದೆ.

"ಏನಂತೆ?" ಎಂದು ಹಾಲಮ್ಮ ಕೇಳಿದರು.

"ಮಳೆ ಬಂತಾ ಅಂತ ಕೇಳ್ತಿದಾರೆ!" ಎಂದು ಕೂಗಿದೆ.

"ಹನಿನೂ ಬಿದ್ದಿಲ್ಲ ಅನ್ನು. ಅಲ್ಲಿ ಬಂದ್ರೆ ಒಂಚೂರು ಇತ್ಲಾಗೆ ಕಳಿಸು ಅನ್ನು" ಎಂದು ನಕ್ಕು, ಇನ್ನೊಂದು ಕಾಯಿ ಎತ್ತಿಕೊಂಡರು.

ಮಂಗಳವಾರ ರತ್ನಕ್ಕ, ಗಂಡನ ಜೊತೆ ಗಾಡಿ ಮಾಡಿಕೊಂಡು ಬಂದರು. "ಬೆಲ್ಟಿಗೆ ಸೆರಗು ಸಿಕ್ಕಿದ್ರೂ ಹೇಳ್ಲಿಲ್ವಲ್ಲವ್ವಾ ನೀನು!" ಎಂದು ತಾಯಿಯನ್ನು ತಬ್ಬಿಕೊಂಡು ಗೋಳೋ ಎಂದು ಅತ್ತರು. ಅವತ್ತು ಸೆರಗು ಬೆಲ್ಟಿಗೆ ಸಿಕ್ಕಿದ್ದನ್ನು ಕಂಡವಳು ನಾನೊಬ್ಬಳೇ. ಮಗಳ ಭುಜದ ಮೇಲಿನಿಂದ ಹಾಲಮ್ಮ ನನ್ನನ್ನು ನೋಡಿದರು. ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ಅವತ್ತೇ ಆಸ್ಪತ್ರೆಗೆ ಕರೆದೊಯ್ದು ತೋರಿಸಿದರು; ಡಾಕ್ಟರು ಶ್ವಾಸಕೋಶ ಬಹಳ ಕೆಟ್ಟಿದೆ, ಗಿರಣಿಯ ಹತ್ತಿರ ಸುಳಿಯಬಾರದು ಎಂದರಂತೆ. ಬಾಗಿಲಿಗೆ ಬೀಗ ಬಿತ್ತು. ಗಾಡಿ ಹತ್ತುವ ಮುಂಚೆ ಹಾಲಮ್ಮ ಮಗಳಿಗೆ, "ಪರೀಕ್ಷೆ ಮುಗಿಯೋವರ್ಗೂ ಆ ಹುಡುಗಿ ಕೋಣೆಯಾಗೇ ಇರ್ಲಿ" ಎಂದರು.

ಪರೀಕ್ಷೆ ಬರೆದೆ. ಚೆನ್ನಾಗಿಯೇ ಬರೆದೆ. ಮುಗಿದ ಮರುದಿನ ಎರಡು ಬಸ್ಸು ಬದಲಿಸಿ ಒಬ್ಬಳೇ ತ್ಯಾವಣಿಗೆಗೆ ಹೋದೆ. ರತ್ನಕ್ಕನ ಮನೆಯಲ್ಲಿ ಅವತ್ತು ಯಾವುದೋ ಮದುವೆ ಮಾತುಕತೆ, ಪಡಸಾಲೆ ತುಂಬ ನೆಂಟರು. ಹಾಲಮ್ಮ ಅಲ್ಲೇ ಮೂಲೆಯ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಮಗಳು ಚೆನ್ನಾಗಿ ನೋಡಿಕೊಂಡಿದ್ದಳು, ಅದರಲ್ಲಿ ಎರಡು ಮಾತಿಲ್ಲ. ಒಗೆದ ಸೀರೆ, ಬಾಚಿದ ತಲೆ, ಪಕ್ಕದಲ್ಲಿ ಔಷಧಿ. ಆದರೆ ನನಗೆ ಅವರ ಗುರುತೇ ಸಿಗಲಿಲ್ಲ, ಅಷ್ಟು ಸಣ್ಣಗಾಗಿದ್ದರು. ನನ್ನನ್ನು ಕಂಡು ಮಂಚದ ತುದಿ ತೋರಿಸಿದರು. ಕೂತೆ.

"ಪರೀಕ್ಷೆ?"

ಚೆನ್ನಾಗಾಯಿತು ಎಂದು ತಲೆ ಆಡಿಸಿದೆ.

"ರತ್ನಂಗೆ ನೀನು ಹೇಳಿದ್ದು ತಪ್ಪಲ್ಲ ಕಣೆ. ನಿನ್ನ ಜಾಗದಾಗೆ ನಾನಿದ್ರೂ ಹೇಳ್ತಿದ್ದೆ. ಆದ್ರೆ ನನ್ನ ಜೊತೆ ಜಗಳ ಆಡಿ ಹೇಳ್ಬೇಕಿತ್ತು. ನಾನು ಬೈತಿದ್ದೆ, ನೀನೂ ಬೈತಿದ್ದೆ, ಆಗ್ತಿತ್ತು." ಕೆಮ್ಮು ಬಂತು. ನಿಂತ ಮೇಲೆ, ಮೊದಲಿನ ಅರ್ಧ ದನಿಯೂ ಇಲ್ಲದೆ ಹೇಳಿದರು: "ನನ್ನ ಮಗ್ಗುಲಾಗೆ ಕುಂತು ನಂಗೆ ಕೇಳದಂಗೆ ಹೇಳಿದ್ಯಲ್ಲ. ಇಷ್ಟು ವರ್ಷ ನಂಗೆ ಕಿವಿ ಇಲ್ಲ ಅಂತ ಅನ್ನಿಸಿರ್ಲಿಲ್ಲ. ಅವತ್ತು ಅನ್ನಿಸ್ತು."

ತಪ್ಪಾಯಿತು ದೊಡ್ಡಮ್ಮ ಎನ್ನಬೇಕು. ಅವರಿಗೆ ಕೇಳುವ ಹಾಗೆ ಹೇಳಬೇಕೆಂದರೆ ಕೂಗಬೇಕು. ಪಡಸಾಲೆಯಲ್ಲಿ ಅಷ್ಟೂ ಜನ ಹೊಸಬರು, ಕೆಲವರು ಆಗಲೇ ಯಾರೀ ಹುಡುಗಿ ಎಂದು ನಮ್ಮ ಕಡೆ ತಿರುಗಿದ್ದರು. ಬಾಯಿ ತೆರೆದೆ. ನನಗೆ ನಾಚಿಕೆಯಾಯಿತು. ಸುಮ್ಮನೆ ಅವರ ಕೈ ಹಿಡಿದುಕೊಂಡು ಕೂತೆ. ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ಉಂಡು ಹೋಗು" ಎಂದರು. ಮುಂದಿನ ಸಲ ಮನೆಯಲ್ಲಿ ಯಾರೂ ಇಲ್ಲದಾಗ ಬಂದು ಹೇಳೋಣ ಎಂದುಕೊಂಡು ಉಂಡು ಬಸ್ಸು ಹತ್ತಿದೆ.

ಈಗ ನಾನು ಹೊನ್ನಾಳಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ನನ್ನ ದನಿ ಮೂರು ಕೋಣೆ ದಾಟಿ ಕೇಳುತ್ತದೆ ಎಂದು ಜೊತೆಯವರು ರೇಗಿಸುತ್ತಾರೆ. ತ್ಯಾವಣಿಗೆಗೆ ಮತ್ತೆ ಹೋದದ್ದು ಆ ವರ್ಷದ ಶ್ರಾವಣದಲ್ಲಿ, ಹಾಲಮ್ಮನವರ ಮಣ್ಣಿಗೆ.