ಜೀಪಿಗೆ ಬಂದ ನೋಟೀಸು

ನಮ್ಮ ಜೀಪಿನ ಗಾಜಿಗೆ ಪಾಲಿಕೆಯವರು ನೋಟೀಸು ಅಂಟಿಸಿ ಹೋದ ದಿನ ಅಪ್ಪಾಜಿ ತಿಂಡಿ ಬಿಟ್ಟರು. ಬಿಟ್ಟರು ಅಂದರೆ, ಮೊದಲು ಹಾಕಿದ ಅವಲಕ್ಕಿ ಮುಗಿಸಿ, ಎರಡನೇ ಸಲಕ್ಕೆ ಬೇಡ ಅಂದರು. ನಮ್ಮ ಮನೆಯಲ್ಲಿ ಅದು ಉಪವಾಸಕ್ಕೆ ಸಮ.

ಸಾರ್ವಜನಿಕ ರಸ್ತೆಯಲ್ಲಿ ವಾರಸುದಾರರಿಲ್ಲದೆ ಕೆಟ್ಟು ನಿಂತಿರುವ ಈ ವಾಹನವನ್ನು ಏಳು ದಿನದೊಳಗೆ ತೆಗೆಯದಿದ್ದರೆ ನಾವೇ ಎತ್ತಿಕೊಂಡು ಹೋಗಿ ಹರಾಜು ಹಾಕುತ್ತೇವೆ ಎಂಬುದು ನೋಟೀಸಿನ ಸಾರಾಂಶ. ಕೆಟ್ಟು ನಿಂತಿದೆ ಎಂದದ್ದನ್ನು ಅಪ್ಪಾಜಿ ಹೇಗೋ ನುಂಗಿಕೊಂಡರು. ವಾರಸುದಾರರಿಲ್ಲ ಎಂದದ್ದು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

"ಹಂಗಾದ್ರೆ ಪ್ರತಿ ಆಯುಧ ಪೂಜಿಗೆ ಬಾಳೆಕಂಬ ಕಟ್ಟೋನು ಯಾರು? ದಾರಿಹೋಕನೇನು?"

ಕಟ್ಟುತ್ತಿದ್ದವರು ಅವರೇ, ಸುಳ್ಳಲ್ಲ. ಮೆಕ್ಕೆಜೋಳದ ವ್ಯಾಪಾರ ಮಾಡುತ್ತಿದ್ದ ಕಾಲದಲ್ಲಿ ಅವರು ಸುತ್ತಲಿನ ಹಳ್ಳಿಗಳನ್ನೆಲ್ಲ ಈ ಜೀಪಿನಲ್ಲೇ ಸುತ್ತಿದ್ದರು. ವ್ಯಾಪಾರ ನಿಂತಿತು, ಜೀಪೂ ನಿಂತಿತು. ನಿಂತದ್ದು ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಯ ಗೇಟಿಗೆ ಅರ್ಧ ಅಡ್ಡವಾಗಿ. ಆಮೇಲೆ ಅದು ಕದಲಿದ್ದೇ ಇಲ್ಲ.

ಫೋನು ಮಾಡಿ ಪಾಲಿಕೆಗೆ ದೂರು ಕೊಟ್ಟವಳು ಅಮ್ಮ. ಅಂದೇ ಅಡಿಗೆಮನೆಯಲ್ಲಿ ಸೆರಗನ್ನು ಬಾಯಿಗೊತ್ತಿಕೊಂಡು, ಭುಜ ಕುಣಿಸುತ್ತಾ ನಗುತ್ತಿದ್ದವಳು ನನ್ನ ಕಿವಿಯಲ್ಲಿ ಹೇಳಿದಳು: "ನಾನೇ ಮಾಡಿದ್ದು. ಇಷ್ಟ್ ಲಗೂನ ಬರ್ತಾರೆ ಅಂತ ನನಗೇನ್ ಗೊತ್ತಿತ್ತು!"

ಅವಳಿಗೆ ಬೇಕಾಗಿದ್ದದ್ದು ಗೇಟು, ಅಷ್ಟೇ. ಅರವತ್ತರ ಹೊಸ್ತಿಲಲ್ಲಿ ಸ್ಕೂಟರು ಕಲಿತು, ಲೈಸೆನ್ಸು ತೆಗೆಸಿ, ಹೊಸ ಗಾಡಿ ತಂದಿದ್ದಳು. ತರಕಾರಿಗೆ, ವಿದ್ಯಾನಗರದ ತಂಗಿಯ ಮನೆಗೆ, ಯಾರ ದಾರಿಯನ್ನೂ ಕಾಯದೆ ಹೋಗಿಬರಬೇಕೆಂಬ ಆಸೆ. ಆದರೆ ಜೀಪಿನ ಮೂತಿ ಅಡ್ಡ. ನಾನು ಹಿಂದಿನಿಂದ ಎತ್ತಿ ಓರೆ ಮಾಡಿದರೆ ಮಾತ್ರ ಸ್ಕೂಟರು ಹೊರಗೆ ಬರುತ್ತಿತ್ತು. ನಾನು ಪಾಠ ಮಾಡಲು ಕಾಲೇಜಿಗೆ ಹೋದೆನೆಂದರೆ ಸಂಜೆಯವರೆಗೆ ಸ್ಕೂಟರೂ ಒಳಗೆ, ಅಮ್ಮನೂ ಒಳಗೆ. ಹಾಗಾಗಿ ಈ ಯುದ್ಧದಲ್ಲಿ ನಾನು ಪೂರ್ತಿ ಅಮ್ಮನ ಪಕ್ಷ. ಬಾಯಿ ಮಾತ್ರ ಬಿಡಲಿಲ್ಲ.

ಅಪ್ಪಾಜಿಯ ಅನುಮಾನವೆಲ್ಲ ಎದುರುಮನೆಯ ಮೇಷ್ಟ್ರ ಮೇಲೆ. ಇಬ್ಬರೂ ದಿನಾ ಬೆಳಿಗ್ಗೆ ಒಟ್ಟಿಗೆ ವಾಕಿಂಗ್ ಹೋಗುವವರು. ನೋಟೀಸು ಬಂದ ಮರುದಿನದಿಂದ ಇವರು ರಸ್ತೆಯ ಈ ಬದಿ, ಅವರು ಆ ಬದಿ. ಹೋಗುವ ಹೊತ್ತು ಅದೇ, ಬರುವ ಹೊತ್ತೂ ಅದೇ, ಮಾತು ಮಾತ್ರ ಇಲ್ಲ. ಕೆಮ್ಮಿನಲ್ಲೇ ವ್ಯವಹಾರ. ಅಮ್ಮನಿಗೆ ಇದು ಕಸಿವಿಸಿ. ಹೇಳಿಬಿಡು ಎಂದು ನಾನು ಅಂದಾಗಲೆಲ್ಲ, "ಮೊದ್ಲು ಜೀಪ್ ಹೋಗ್ಲಿ ತಡಿ" ಅನ್ನುವಳು.

ಅಪ್ಪಾಜಿ ಸುಮ್ಮನೆ ಕೂರುವ ಕುಳವಲ್ಲ. ದಿನಾ ಬೆಳಿಗ್ಗೆ ಬಾನೆಟ್ಟಿಗೆ ಮೂರು ಬೆರಳಿನ ವಿಭೂತಿ, ಚೆಂಡುಹೂವಿನ ಹಾರ, ಊದುಬತ್ತಿ ಶುರುವಾಯಿತು. ಗಡುವು ಮುಗಿದ ದಿನ ಕ್ರೇನ್ ಲಾರಿ ಬಂದಾಗ ಅದರ ಡ್ರೈವರ್ ಕೆಳಗಿಳಿದವನು ಕೊಕ್ಕೆ ಹಿಡಿಯುವ ಬದಲು ಚಪ್ಪಲಿ ಬಿಟ್ಟ.

"ಮೇಡಮ್ಮಾರೇ, ಈಗಿನ್ನೂ ಪೂಜಿ ಆಗೈತ್ರಿ. ಇದಕ್ಕೆ ನಾ ಕೊಕ್ಕಿ ಹಾಕಂಗಿಲ್ರಿ."

ಜೊತೆಗೆ ಬಂದಿದ್ದ ಪಾಲಿಕೆಯ ಅಧಿಕಾರಿ ಚಿಕ್ಕ ವಯಸ್ಸಿನ ಹುಡುಗಿ. ನಗು ತಡೆದುಕೊಂಡು ಅಂದಳು: "ವಾರಸುದಾರರು ಇದಾರೆ, ಒಪ್ಕಂತೀನ್ರಿ ಯಜಮಾನ್ರೇ. ಆದ್ರೆ ಕೆಟ್ಟ ಗಾಡಿ ರೋಡಲ್ಲಿ ನಿಂದ್ರಂಗಿಲ್ಲ. ನಾಳೆ ಬರ್ತೀನಿ. ತಾನಾಗೇ ಓಡ್ತು ಅಂದ್ರೆ ನೋಟೀಸು ವಾಪಸ್."

ಊರಂಚಿನ ಕರೂರು ಕಡೆಯಿಂದ ಮೆಕ್ಯಾನಿಕ್ ಬಂದ. ಬಾನೆಟ್ಟಿನೊಳಗಿಂದ ಅಳಿಲಿನ ಗೂಡು ತೆಗೆದ, ಬ್ಯಾಟರಿ ಬದಲಿಸಿದ, ದಿನವಿಡೀ ಅಡಿಯಲ್ಲಿ ಮಲಗಿದ. ಮರುದಿನ ಅಧಿಕಾರಿಯ ಎದುರಿಗೇ ಇಡೀ ಬೀದಿ ಜೀಪು ದಬ್ಬಿತು. ಮೇಷ್ಟ್ರೂ ಪಂಚೆ ಎತ್ತಿಕಟ್ಟಿ ಬಂದು ಹೆಗಲು ಕೊಟ್ಟರು. ಸ್ಟೇರಿಂಗ್ ಹಿಡಿದಿದ್ದ ಅಪ್ಪಾಜಿ ಕನ್ನಡಿಯಲ್ಲಿ ಅದನ್ನು ನೋಡಿಯೂ ನೋಡದ ಹಾಗೆ ಕೂತಿದ್ದರು. ಜೀಪು ಎರಡು ಸಲ ಸೀನಿತು, ಬೀದಿಗೆಲ್ಲ ಕರಿ ಹೊಗೆ ಉಗುಳಿತು, ಓಡಿಯೇಬಿಟ್ಟಿತು! ಚಪ್ಪಾಳೆ, ಶಿಳ್ಳೆ. ನಾನೂ ಪಕ್ಷ ಮರೆತು ಕುಣಿದೆ.

ಅಪ್ಪಾಜಿ ಬೀದಿಯ ತುದಿಯಲ್ಲಿ ತಿರುಗಿಸಿಕೊಂಡು ಗೆದ್ದ ಮುಖದಲ್ಲಿ ವಾಪಸು ಬಂದರು. ಅಷ್ಟರಲ್ಲಿ ಅಮ್ಮ ಗೇಟಿನ ಎರಡೂ ಬಾಗಿಲು ತೆರೆದು, ಸ್ಕೂಟರನ್ನು ಜುಮ್ಮನೆ ಹೊರಗೆ ತಂದು, ಜೀಪು ನಿಲ್ಲುತ್ತಿದ್ದ ಜಾಗದಲ್ಲೇ ನಿಲ್ಲಿಸಿಕೊಂಡಿದ್ದಳು.

"ಏ, ತೆಗಿ ಅದ್ನ!"

"ಯಾಕ್ ತೆಗೀಲ್ರಿ? ನಂದು ಓಡೋ ಗಾಡಿ. ಅಲ್ಲೇನವ್ವಾ?"

ಅಧಿಕಾರಿ ತಲೆಯಾಡಿಸಿದಳು. "ಹೌದ್ರಿ, ಅದಕ್ಕೇನ್ ಅಡ್ಡಿ ಇಲ್ಲ."

ಅಪ್ಪಾಜಿ ಇಳಿಯಲು ಹೊರಟರು. ಮೆಕ್ಯಾನಿಕ್ ಕೂಗಿಕೊಂಡ: "ಬಂದ್ ಮಾಡ್ಬ್ಯಾಡ್ರಿ! ಮತ್ತೆ ಚಾಲೂ ಆಗೋದು ಗ್ಯಾರಂಟಿ ಇಲ್ಲ!"

"ಹಂಗಾದ್ರೆ ಎಲ್ಲಿಗ್ ಹೋಗ್ಲಿ?"

"ಹರಿಹರಕ್ಕೆ ಹೋಗ್ರಿ" ಅಂದಳು ಅಮ್ಮ, ಉತ್ತರವನ್ನು ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡಿದ್ದವಳ ಹಾಗೆ. "ನಿಮ್ ತಂಗಿ ಹಿತ್ಲಲ್ಲಿ ತಗಡಿನ ಶೆಡ್ ಖಾಲಿ ಐತೆ. ಯಾರ ರೋಡೂ ಅಲ್ಲ, ಯಾರ ನೋಟೀಸೂ ಬರಲ್ಲ."

ಬೇರೆ ದಾರಿಯಿರಲಿಲ್ಲ. ಮೇಷ್ಟ್ರು ಯಾರೂ ಕರೆಯದಿದ್ದರೂ ಪಕ್ಕದ ಸೀಟಿಗೆ ಹತ್ತಿ ಕೂತರು. ಹಿಂದೆ ಸ್ಕೂಟರಿನಲ್ಲಿ ಅಮ್ಮ, ಅವಳ ಹಿಂದೆ ನಾನು. ದಾರಿಯುದ್ದಕ್ಕೂ ಟ್ರ್ಯಾಕ್ಟರುಗಳೂ ಜೀಪನ್ನು ಹಿಂದೆ ಹಾಕಿದವು. ಅಪ್ಪಾಜಿ ಒಂದೊಂದಕ್ಕೂ ಹಾರನ್ ಹೊಡೆದು ಬುದ್ಧಿ ಹೇಳುತ್ತಿದ್ದರು. ಅಮ್ಮ ಮನಸ್ಸು ಮಾಡಿದ್ದರೆ ಯಾವಾಗಲೋ ಮುಂದೆ ಹೋಗಬಹುದಿತ್ತು, ಹೋಗಲಿಲ್ಲ. ಗಾಳಿಗೆ ಮುಖವೊಡ್ಡಿ ಹಿಂದೆ ಕೂತ ನನಗೆ ಜೋರಾಗಿ ಕೇಕೆ ಹಾಕಬೇಕೆನಿಸುವಷ್ಟು ಖುಷಿ. ಒಂದೆರಡು ಸಲ ಹಾಕಿಯೂಬಿಟ್ಟೆ.

ಹರಿಹರದಲ್ಲಿ ಜೀಪು ಶೆಡ್ಡಿನೊಳಗೆ ಮೂತಿಯಿಟ್ಟದ್ದೇ ತಾನಾಗಿ ಆರಿಹೋಯಿತು. ಅತ್ತೆ ಪಡಸಾಲೆಯಲ್ಲಿ ಚಹಾ, ಮಂಡಕ್ಕಿ ತಂದಿಟ್ಟರು. ಅಪ್ಪಾಜಿ ಉತ್ಸಾಹ ಉಕ್ಕಿ ಮೇಷ್ಟ್ರ ಬೆನ್ನು ತಟ್ಟಿದರು.

"ದೂರು ಕೊಟ್ಟೋರೂ ನೀವೇ, ದಬ್ಬಿದೋರೂ ನೀವೇ. ಹೋಗ್ಲಿ ಬಿಡ್ರಿ ಮೇಷ್ಟ್ರೇ, ಮಾಫ್."

"ನಾ ಯಾವಾಗ್ ಕೊಟ್ಟೀನ್ರೀ!" ಮೇಷ್ಟ್ರು ಕಣ್ಣುಕಣ್ಣು ಬಿಟ್ಟರು.

ಅಮ್ಮ ಲೋಟ ಕೆಳಗಿಟ್ಟಳು. "ಅವ್ರಲ್ಲ. ನಾನು."

ಅಪ್ಪಾಜಿಯ ಮುಖ ಸಣ್ಣಗಾಯಿತು. ಅಮ್ಮನ ಕಡೆ ತಿರುಗಿ ಕೇಳಿದರು: "ನನಗೊಂದ್ ಮಾತು ಹೇಳ್ಬಾರ್ದಾಗಿತ್ತಾ?"

"ಹೇಳಿದ್ನಲ್ರೀ. ಯುಗಾದಿಗೆ ಹೇಳ್ದೆ. ದಸರಾಕ್ಕೆ ಹೇಳ್ದೆ. ಸ್ಕೂಟ್ರು ತಂದ್ ದಿನ ಹೇಳ್ದೆ. ನಾ ಹೇಳಿದ್ದು ನಿಮ್ ಕಿವಿಗೆ ಬೀಳ್ಲಿಲ್ಲ. ಪಾಲಿಕೆಯೋರ್ ಹೇಳಿದ್ ಮ್ಯಾಲೆ ಬಿತ್ತು."

ಅಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಇರಬೇಕು, ಯಾರೂ ನಗಲಿಲ್ಲ. ನನಗೆ ಅಮ್ಮನ ಬಗ್ಗೆ ಹೆಮ್ಮೆ, ಅಪ್ಪಾಜಿಯನ್ನು ನೋಡಿ ಪಾಪ, ಎರಡೂ ಒಟ್ಟಿಗೇ ಆಯಿತು. ಅವರು ತಟ್ಟೆಯಲ್ಲಿದ್ದ ಮಂಡಕ್ಕಿಯಲ್ಲಿ ಬೆರಳಾಡಿಸುತ್ತಾ ಕೂತಿದ್ದರು. ಆಮೇಲೆ ಎದ್ದು ಬಂದು ನನ್ನ ಮುಂದೆ ಕೈ ಚಾಚಿದರು.

"ನಿನ್ ಹೆಲ್ಮೆಟ್ ಕೊಡಿಲ್ಲಿ. ನೀನೂ ಮೇಷ್ಟ್ರೂ ಬಸ್ಸಿಗೆ ಬರ್ರಿ."

ನಮ್ಮ ಬಸ್ಸು ಅವರನ್ನು ಹಿಂದೆ ಹಾಕಿದ್ದು ಅರ್ಧ ದಾರಿಯಲ್ಲಿ. ಮೇಷ್ಟ್ರು ಮೊಣಕೈಯಿಂದ ತಿವಿದು ಕಿಟಕಿಯ ಹೊರಗೆ ತೋರಿಸಿದರು. ಅಮ್ಮ ರಸ್ತೆಯ ಎಡಕ್ಕೆ ಹದವಾಗಿ ಓಡಿಸುತ್ತಾ ಏನನ್ನೋ ಹೇಳುತ್ತಲೇ ಇದ್ದಳು. ಹಿಂದೆ ಕೂತ ಅಪ್ಪಾಜಿ ಅವಳ ಹೆಗಲು ಹಿಡಿದು, ಕತ್ತು ಮುಂದೆ ಚಾಚಿ, ಹೆಲ್ಮೆಟ್ಟಿಗೆ ಹೆಲ್ಮೆಟ್ಟು ತಾಗಿಸಿಕೊಂಡು ಕೇಳಿಸಿಕೊಳ್ಳುತ್ತಿದ್ದರು.